ಸ್ಟೇರಿಂಗ್ ಹಿಡಿದವಳು

“ಭಾವ, ಮೇಲೆ ಬನ್ನಿ. ಜನ ಏನಂದ್ಕೋತಾರೆ?”

ಭಾಮೈದ ಗ್ಯಾರೇಜಿನ ರಿಪೇರಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕರೆಯುತ್ತಿದ್ದ. ಗುಂಡಿಯೊಳಗೆ ನೂಲು ಮೇಸ್ತ್ರಿ ಶವದ ವ್ಯಾನಿನ ಹೊಟ್ಟೆಗೆ ಟಾರ್ಚ್ ಹಿಡಿದು, ಮುಂದಿನ ಚಕ್ರಗಳಿಗೆ ಹೋಗುವ ಸರಳನ್ನು ಇನ್ನೊಂದು ಕೈಯಲ್ಲಿ ಅಲ್ಲಾಡಿಸಿ ನೋಡುತ್ತಿದ್ದ. ಗ್ಯಾರೇಜಿನ ಹಿಂದೆಯೇ ಮನೆ. ಅಲ್ಲಿ ನಡುಕೋಣೆಯಲ್ಲಿ ಅವನ ಹೆಂಡತಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ನಿನ್ನೆ ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಒರಗುತ್ತೇನೆಂದವಳು ಮತ್ತೆ ಏಳಲಿಲ್ಲ.

“ಸ್ಟೇರಿಂಗ್ ಸೊಟ್ಟಗಿದೆ,” ಎಂದ ಮೇಸ್ತ್ರಿ. “ಗಾಡಿ ನೇರ ಹೋಗ್ಬೇಕಂದ್ರೆ ಬಲಕ್ಕೆ ತಿರುಗಿಸಿ ಹಿಡೀಬೇಕಂತೆ. ಡ್ರೈವರೇ ಹೇಳಿದ.”

“ನಾನು ಸುಮ್ನೆ ಮಾತಿಗೆ ಹೇಳ್ದೆ ಸ್ವಾಮಿ,” ಎಂದ ಡ್ರೈವರ್. ಬೀದಿ ಕಿರಿದೆಂದು ವ್ಯಾನನ್ನು ಗ್ಯಾರೇಜಿನೊಳಗೆ ತಂದು ನಿಲ್ಲಿಸಿದ್ದೇ ಅವನ ತಪ್ಪಾಗಿತ್ತು. “ಎಷ್ಟೋ ವರ್ಷದಿಂದ ಹೀಗೇ ಓಡ್ತಿದೆ. ಹಿಂದೆ ಮಲಗಿದೋರು ಯಾರೂ ಇದುವರೆಗೆ ಕಂಪ್ಲೇಂಟ್ ಮಾಡಿಲ್ಲ.”

ಯಾರೋ ಕಿಸಕ್ಕೆಂದು ನಕ್ಕು, ಸಾವಿನ ಮನೆ ಎಂಬುದು ನೆನಪಾಗಿ ಕೆಮ್ಮಿದರು.

“ಅವಳು ಸೊಟ್ಟ ಗಾಡೀಲಿ ಹೋಗೋದು ಬೇಡ. ಸ್ವಲ್ಪ ಹೊತ್ತಿನ ಕೆಲಸ,” ಎಂದ ಮೇಸ್ತ್ರಿ ಕೆಳಗಿನಿಂದ.

ಕೇಳಿದವರು ಎಂಥ ಪ್ರೀತಿಯಪ್ಪ ಎಂದುಕೊಂಡರು. ನಿಜ ಸಂಗತಿ ಬೇರೆ ಇತ್ತು. ಬೆಳಗಿನಿಂದ ಆ ಕೋಣೆಯಲ್ಲಿ ನಿಲ್ಲಲು ಅವನಿಗೆ ಆಗುತ್ತಿರಲಿಲ್ಲ. ಬಂದವರೆಲ್ಲ ಮೊದಲು ಅವಳ ಮುಖ ನೋಡಿ, ಆಮೇಲೆ ಎದೆಯ ಮೇಲಿಟ್ಟ ಅವಳ ಕೈ ನೋಡುತ್ತಿದ್ದಾರೆಂದು ಅವನಿಗೆ ಅನ್ನಿಸುತ್ತಿತ್ತು. ನಾಚಿಕೆಯಾದಾಗ ನೆಲ ಬಾಯಿ ಬಿಡಬಾರದೇ ಎಂದು ಎಲ್ಲರೂ ಹೇಳುತ್ತಾರೆ. ಮೇಸ್ತ್ರಿಗೆ ಆ ಅನುಕೂಲ ಸ್ವಂತದ್ದೇ ಇತ್ತು. ಹೋಗಿ ಇಳಿದುಬಿಟ್ಟಿದ್ದ.

ಗಾಡಿಯ ಎರಡೂ ಪಕ್ಕ ಉದ್ದಕ್ಕೆ ನೂಲು ಎಳೆದು ಕಟ್ಟಿ, ನೂಲಿನಿಂದ ಚಕ್ರದ ಅಂಚಿಗೆ ಎಷ್ಟು ದೂರ ಎಂದು ಅಳೆದು, ಅಡ್ಡ ತಿರುಗಿದ ಚಕ್ರಗಳನ್ನು ನೆಟ್ಟಗೆ ಮಾಡುವುದು ಅವನ ವಿದ್ಯೆ. ಹೆಸರು ಅಂಟಿದ್ದೂ ಅದರಿಂದಲೇ. ಅವನು ಕೆಳಗೆ ಸರಳು ತಿರುಗಿಸುವಷ್ಟು ಹೊತ್ತು ಮೇಲೆ ಸ್ಟೇರಿಂಗ್ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೆಂದು ಒಂದು ಕಬ್ಬಿಣದ ಕೋಲಿತ್ತು. ಅದರ ಒಂದು ತುದಿಯನ್ನು ಸೀಟಿಗೆ ಒತ್ತಿ ಇನ್ನೊಂದನ್ನು ಸ್ಟೇರಿಂಗಿಗೆ ಸಿಕ್ಕಿಸಿದರೆ ಮುಗಿಯಿತು. ಇವತ್ತು ವ್ಯಾನಿನ ಸೀಟು ತೀರಾ ಹಿಂದಿದ್ದು, ಕೋಲು ಎಟುಕಲಿಲ್ಲ.

“ಯಾರಾದ್ರೂ ಕೂತು ಹಿಡ್ಕೋಬೇಕು,” ಎಂದ.

ಗುಂಡಿಯಿಂದ ಅವನಿಗೆ ಜನರ ಕಾಲುಗಳು ಮಾತ್ರ ಕಾಣುತ್ತಿದ್ದವು. ಒಂದು ಕಾಲೂ ಮುಂದೆ ಬರಲಿಲ್ಲ. ಶವದ ವ್ಯಾನಿನಲ್ಲಿ ತಾನಾಗಿ ಹೋಗಿ ಕೂರುವ ಉತ್ಸಾಹ ಯಾರಿಗಿರುತ್ತದೆ? ಕೊನೆಗೆ ಬರಿಗಾಲುಗಳೆರಡು ಮನೆಯ ಕಡೆಯಿಂದ ಬಂದವು.

“ಮಗೂನ ಸ್ವಲ್ಪ ಎತ್ಕೊಳ್ಳಿ ಆಂಟಿ. ನಾನು ಹಿಡೀತೀನಿ,” ಎಂದಳು ಮಗಳು. ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

ಹೊಳೆಯುವ ಕಪ್ಪು ಬೂಟುಗಳು ವ್ಯಾನಿನ ಬಾಗಿಲ ಬಳಿಗೆ ಸರಿದವು. ಔಷಧಿ ಅಂಗಡಿಯ ಯಜಮಾನರದು. “ಗಟ್ಟಿಯಾಗಿ ಹಿಡ್ಕೋ ತಾಯಿ,” ಎಂದರು ಅವರು ಅಕ್ಕರೆಯಿಂದಲೇ. “ನಿಮ್ಮಮ್ಮನ ಥರ ಅಲುಗಿಸ್ಬೇಡ. ಪಾಪ, ಬಂಗಾರದಂಥಾ ಹೆಂಗಸು. ಕೈಯೊಂದು ನಡುಗ್ತಿತ್ತು, ಅಷ್ಟೆ.”

ಹೌದು ಹೌದು ಎಂದು ಸುತ್ತಲಿದ್ದವರು ನಿಟ್ಟುಸಿರಿಟ್ಟರು. ಮೇಸ್ತ್ರಿ ಟಾರ್ಚ್ ಆರಿಸಿದ.

* * *

ಮದುವೆಯ ಹೊಸದರಲ್ಲಿ ಕೆಲಸಕ್ಕೆ ಜನ ಸಿಗದೆ ಅವನೇ ಹೆಂಡತಿಯನ್ನು ಸ್ಟೇರಿಂಗಿನ ಮುಂದೆ ಕೂರಿಸಿದ್ದ. ಊರಲ್ಲಿದ್ದ ಗಾಡಿಗಳಲ್ಲೆಲ್ಲ ಅವಳು ಕೂತಳು. ಡಾಕ್ಟರ ಕಾರು, ಕಂಟ್ರಾಕ್ಟರನ ಜೀಪು, ತರಕಾರಿ ಲಾರಿ. ಒಂದರಲ್ಲೂ ಗೇಟು ದಾಟಲಿಲ್ಲ.

“ಇವತ್ತು ಎಲ್ಲೀವರೆಗೆ ಹೋಗಿದ್ದೆ?” ಎಂದು ಅವನು ಗುಂಡಿಯಿಂದ ಕೇಳುವನು.

“ಸಮುದ್ರದವರೆಗೆ. ನೀವೇ ಬರ್ಲಿಲ್ಲ, ಕೆಳಗೇ ಉಳಿದ್ರಿ,” ಎನ್ನುವಳು.

ಔಷಧಿ ಅಂಗಡಿಯ ಯಜಮಾನರು ಹೊಸ ಕಾರು ತಂದ ದಿನ ಮೇಸ್ತ್ರಿಯ ಹಳೆಯ ಗೆಳೆಯನೊಬ್ಬ ಗುಂಡಿಯ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದ. ಅಳತೆ ಸರಿಯಾದ ಮೇಲೆ ಸರಳು ಮತ್ತೆ ತಿರುಗದಂತೆ ಎರಡೂ ಕಡೆಯ ನಟ್ಟು ಬಿಗಿಯಬೇಕು. ಮೇಸ್ತ್ರಿ ಬಲಗಡೆಯದನ್ನು ಬಿಗಿದ. ಎಡಗಡೆಯದನ್ನು ಬೆರಳಲ್ಲಿ ತಿರುಗಿಸಿ, ನಗುತ್ತಾ ಮೇಲೆ ಬರಲು ಹೊರಟ.

“ರೀ, ಎಡಗಡೆ ನಟ್ಟು ಬಿಗಿ ಮಾಡಿದ್ರಾ? ಸ್ಪ್ಯಾನರ್ ಸದ್ದೇ ಕೇಳಿಸ್ಲಿಲ್ಲ,” ಎಂದಳು ಮೇಲಿನಿಂದ.

“ನಿನ್ನ ಕೆಲಸ ನೀನು ನೋಡ್ಕೋ. ಸ್ಟೇರಿಂಗ್ ಹಿಡಿಯೋದು ಕಲಿತಿದ್ದೇ ತಡ, ಮೇಸ್ತ್ರಿ ಆಗ್ಬಿಟ್ಳು!” ಎಂದ. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೆಲವೇ ದಿನಗಳಲ್ಲಿ ಯಜಮಾನರು ಕೆಂಡವಾಗಿ ಬಂದರು. ನಡುರಸ್ತೆಯಲ್ಲಿ ಕಾರು ಲಾರಿಯತ್ತ ಎಳೆದಿತ್ತಂತೆ. ಅಂಗಳದ ತುಂಬ ಗಿರಾಕಿಗಳಿದ್ದರು. ಮೇಸ್ತ್ರಿ ಗುಂಡಿಗಿಳಿದು ನೋಡಿದರೆ ನಟ್ಟು ಸಡಿಲಾಗಿ ಸರಳಿನ ಮೇಲೆ ಸುಮ್ಮನೆ ತಿರುಗುತ್ತಿತ್ತು. ಸದ್ದಿಲ್ಲದೆ ಸರಿಮಾಡಿ, ಬಿಗಿದು, ಮೇಲೆ ಬಂದ. ಎಲ್ಲರ ಕಣ್ಣೂ ಅವನ ಮೇಲೇ ಇತ್ತು.

“ಇವಳು ಕೈ ಅಲುಗಿಸಿದಾಳೆ ಸಾರ್. ಹೆಂಗಸರ ಕೈ, ಏನ್ಮಾಡೋದು?” ಎಂದುಬಿಟ್ಟ.

ಅವಳು ಅವನ ಬೆರಳುಗಳಿಗೆ ಹತ್ತಿದ್ದ ಹಸಿ ಗ್ರೀಸು ನೋಡಿದಳು. ಆಮೇಲೆ ಯಜಮಾನರತ್ತ ತಿರುಗಿ, “ಹೌದು ಸಾರ್, ಕೈ ಜಾರ್ತು,” ಎಂದಳು.

ಅವಳು ಜಗಳವಾಡಿದ್ದರೆ ಅವನು ಹೇಗೋ ತಾಳಿಕೊಳ್ಳುತ್ತಿದ್ದ. ಆದರೆ ಊಟಕ್ಕೆ ಬಡಿಸಿದಳು, ಅದೂ ಇದೂ ಮಾತಾಡಿದಳು. ನಾಳೆ ಹೇಳಿದರಾಯಿತೆಂದು ಅವನು ಉಂಡು ಎದ್ದ. ದಿನವೂ ಅವಳ ಕೈಯನ್ನು ನೋಡುವುದು ಕಷ್ಟವಾಗಿ ಆ ಕಬ್ಬಿಣದ ಕೋಲು ಕೊಂಡುತಂದ. ಗಿರಾಕಿಗಳೆದುರು ಅದನ್ನು ತಟ್ಟಿ, “ಇದು ನಡುಗಲ್ಲ ನೋಡಿ,” ಎಂದು ನಗಿಸಿದ. ನಾಚಿಕೆಗೆಟ್ಟ ಬಾಯಿಗೆ ಒಂದು ಸುಳ್ಳು ಸಾಲುವುದಿಲ್ಲ.

ಉಳಿದ ಕೆಲಸವನ್ನು ಔಷಧಿ ಅಂಗಡಿ ಮಾಡಿತು. ಮಾತ್ರೆಯ ಜೊತೆಗೆ ಆ ತಮಾಷೆಯೂ ಮನೆಮನೆಗೆ ಹೋಯಿತು. ಯಾರ ಮನೆಗೆ ಹೋದರೂ, ಚೆಲ್ಲೀತೆಂದು, ಅವಳಿಗೆ ಅರ್ಧ ಲೋಟ ಕಾಫಿ. ಮಗಳು ಹೆರಿಗೆಯಾಗಿ ಬಂದಾಗ ಮೊಮ್ಮಗಳನ್ನು ಎತ್ತಿಕೊಳ್ಳಲು ಅವಳು ಎರಡೂ ಕೈ ಚಾಚಿದಳು.

“ಅಮ್ಮ, ಮೊದಲು ನೆಲದ ಮೇಲೆ ಕೂತ್ಕೋ. ಆಮೇಲೆ ಕೊಡ್ತೀನಿ,” ಎಂದಳು ಮಗಳು. “ನಿನ್ನ ಕೈ ಗೊತ್ತಲ್ಲ.”

ಅವಳು ನೆಲದ ಮೇಲೆ ಕೂತಳು. ಮೇಸ್ತ್ರಿ ಹೊಸ್ತಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ.

* * *

“ಅಪ್ಪ, ನೆಟ್ಟಗಿದೆಯೋ ಇಲ್ವೋ ಹೇಗೆ ಗೊತ್ತಾಗೋದು?” ಎಂದು, ಅವನು ಅಳತೆ ನೋಡಿ ಸರಳು ತಿರುಗಿಸುತ್ತಿದ್ದಾಗ, ಮಗಳು ಕೇಳಿದಳು. ಅವನು ಉತ್ತರಿಸುವ ಮೊದಲೇ, “ಓ, ಎದುರಿಗೆ ನೂಲು ಕಟ್ಟಿದೀಯಲ್ಲ,” ಎಂದಳು.

“ಯಾವ ನೂಲು?”

“ಗೋಡೇಲಿ. ಮೊಳೆಗೆ ನೂಲು ಕಟ್ಟಿ ಕೆಳಗೊಂದು ನಟ್ಟು ನೇತುಹಾಕಿದೆ. ಇಲ್ಲಿ ಕೂತು ನೋಡಿದ್ರೆ ಸ್ಟೇರಿಂಗಿನ ನಡುವಿಗೇ ಸರಿಯಾಗಿ ಬರುತ್ತೆ.”

ಅವನು ಕಟ್ಟಿರಲಿಲ್ಲ. ಆ ಸೀಟಿನಲ್ಲಿ ಕೂತು ಆ ಗೋಡೆಯನ್ನು ಅವನು ಯಾವತ್ತೂ ನೋಡಿರಲಿಲ್ಲ. ಕೋಲು ಸಿಕ್ಕಿಸುವುದೂ ಬಾಗಿಲಲ್ಲಿ ನಿಂತೇ. ಉಳಿದಂತೆ ಅವನು ಯಾವಾಗಲೂ ಕೆಳಗಿದ್ದ.

“ಅಪ್ಪ, ಇದು ಮಗು ಅಂಗಿ ಹೊಲಿದ ನೀಲಿ ನೂಲು,” ಮಗಳ ದನಿ ಇಳಿಯಿತು. “ಅಮ್ಮ ಹೋದ ತಿಂಗಳು ತಾನೇ ಹೊಲಿದದ್ದು.”

ಕೋಲು ಬಂದು ವರ್ಷಗಳಾಗಿದ್ದವು. ಅವಳನ್ನು ಯಾರೂ ಆ ಸೀಟಿಗೆ ಕರೆದಿರಲಿಲ್ಲ. ಆದರೂ ನೂಲು ಹಳತಾದಾಗಲೆಲ್ಲ ಬದಲಿಸುತ್ತಾ ಬಂದಿದ್ದಳು. ಮೇಸ್ತ್ರಿ ಗುಂಡಿಯ ಗೋಡೆಗೆ ಬೆನ್ನು ಕೊಟ್ಟ. ಇವತ್ತು ಹೇಳದಿದ್ದರೆ ಅವಳು ನಡುಗುವ ಕೈಯವಳಾಗಿಯೇ ಸುಟ್ಟುಹೋಗುತ್ತಾಳೆ.

“ಯಜಮಾನ್ರೇ,” ಎಂದ, ಕಪ್ಪು ಬೂಟುಗಳಿಗೆ. “ಅವಳ ಕೈ ಅಲುಗಿರ್ಲಿಲ್ಲ. ಅವತ್ತು ನಟ್ಟು ಬಿಗಿ ಮಾಡೋದು ಮರೆತಿದ್ದು ನಾನು. ನೆನಪು ಮಾಡಿದ್ಲು. ನಾನೇ ಕೇಳ್ಲಿಲ್ಲ.”

ಬೂಟುಗಳು ಒಮ್ಮೆ ಕದಲಿ ನಿಂತವು. “ಇರ್ಲಿ ಬಿಡಪ್ಪ,” ಎಂದರು ಯಜಮಾನರು. “ಈಗ ಅದೆಲ್ಲ ಯಾಕೆ?”

“ನಿಜ ಹೇಳ್ತಿದೀನಿ. ಸುಳ್ಳು ಹೇಳಿದೋನು ನಾನು.”

“ಎಂಥಾ ಮನುಷ್ಯ ನೋಡಿ,” ಎಂದಳು ಮಗುವನ್ನೆತ್ತಿಕೊಂಡ ಪಕ್ಕದ ಮನೆಯವಳು. “ಹೋದೋಳ ತಪ್ಪನ್ನೂ ತನ್ನ ಮೇಲೆ ಹಾಕ್ಕೋತಿದಾನೆ.”

“ದುಃಖ, ಹಾಗೇ ಆಗುತ್ತೆ,” ಎಂದ ಡ್ರೈವರ್.

ಮೇಸ್ತ್ರಿಗೆ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ಅವತ್ತಿನ ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ನಿಜವನ್ನು ನಂಬಲೊಲ್ಲರು. ಅದೂ ಸಾಲದೆ ಹೊಗಳುತ್ತಿದ್ದರು.

“ಅಮ್ಮಂಗೆ ಗೊತ್ತಿತ್ತಾ?” ಮಗಳೊಬ್ಬಳೇ ಕೇಳಿದಳು.

“ಗೊತ್ತಿತ್ತು.”

“ನಾನು ಅವಳನ್ನ ನೆಲದ ಮೇಲೆ ಕೂರಿಸಿದಾಗ ನೀನು ಅಲ್ಲೇ ಇದ್ಯಲ್ಲಪ್ಪ.”

“ಇದ್ದೆ.”

ಮಗಳ ಮುಖ ಅವನಿಗೆ ಕಾಣುವಂತಿರಲಿಲ್ಲ. ಅಳತೆ ಸರಿಯಾಗಿತ್ತು, ನಟ್ಟು ಬಿಗಿಯುವುದಷ್ಟೇ ಬಾಕಿ. ಸ್ಪ್ಯಾನರ್ ತೆಗೆದುಕೊಂಡು ಎಡಗಡೆಯ ಸರಳನ್ನು ಹಿಡಿದ. ಸರಳು ಅವನ ಬೆರಳುಗಳ ನಡುವೆ ಸಣ್ಣಗೆ ಆಚೆಗೊಮ್ಮೆ ಈಚೆಗೊಮ್ಮೆ ಸರಿದಾಡುತ್ತಿತ್ತು. ಸ್ಟೇರಿಂಗ್ ಹಿಡಿದ ಕೈ ನಡುಗಿದರೆ ಕೆಳಗೆ ಹೀಗಾಗುತ್ತದೆ ಎಂಬುದು ಇಷ್ಟು ವರ್ಷ ಈ ಗುಂಡಿಯಲ್ಲಿ ನಿಂತರೂ ಅವನಿಗೆ ಗೊತ್ತಿರಲಿಲ್ಲ.

“ಆಯ್ತಾ ಭಾವ? ಅಕ್ಕನ್ನ ತರ್ತಿದೀವಿ,” ಎಂದ ಭಾಮೈದ.

ಮನೆಯ ಕಡೆಯಿಂದ ಭಾರ ಹೊತ್ತ ಕಾಲುಗಳು ನಿಧಾನವಾಗಿ ಬರುತ್ತಿದ್ದವು. ಮೇಸ್ತ್ರಿ ನಟ್ಟಿಗೆ ಸ್ಪ್ಯಾನರ್ ಹಚ್ಚಿ, ಸರಳು ನಿಲ್ಲುವುದನ್ನು ಕಾಯುತ್ತಾ ನಿಂತಿದ್ದ.