ಕೆಂಪು ದಾರದ ಗಂಟು

ನರ್ಸಮ್ಮನ ಬೈಕು ಮೊದಲನೇ ಒದೆತಕ್ಕೇ ಸ್ಟಾರ್ಟ್ ಆಯಿತು. ಮೇಸ್ತ್ರಿಗೆ ಬಂದಿದ್ದ ಕಷ್ಟವೇ ಅದು. ಕೆಟ್ಟ ಗಾಡಿ ಕೆಟ್ಟೇ ಇದ್ದರೆ ಏನಾದರೂ ಮಾಡಬಹುದು. ಇದು ಮೇಸ್ತ್ರಿಯ ರಿಪೇರಿ ಅಂಗಡಿಯ ಹೊಸ್ತಿಲು ಕಂಡ ತಕ್ಷಣ ಸಾಧು ಆಗಿಬಿಡುತ್ತಿತ್ತು. ಆಚೆ ಹೋಗಿ ನಾಲ್ಕೈದು ದಿನ ಕಳೆಯಲಿ, ನಡುರಸ್ತೆಯಲ್ಲಿ ಕೈಕೊಡುತ್ತಿತ್ತು.

"ನೋಡಿದ್ರಾ ಇದರ ನಾಟಕ?" ನರ್ಸಮ್ಮ ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟರು. "ಮೊನ್ನೆ ಸೋಮವಾರ ಏರು ರಸ್ತೇಲಿ ಎರಡು ಮೈಲಿ ತಳ್ಕೊಂಡು ಹೋಗಿದ್ದೀನಿ, ಮೇಸ್ತ್ರಿ. ಲಸಿಕೆ ಡಬ್ಬೀಲಿದ್ದ ಐಸೆಲ್ಲ ನೀರಾಯ್ತು. ಅಷ್ಟೂ ಲಸಿಕೆ ಎಸೆದೆ. ಮಕ್ಕಳನ್ನ ಎತ್ಕೊಂಡು ಬೆಳಿಗ್ಗೆಯಿಂದ ಕಾಯ್ತಾ ಕೂತಿದ್ದ ತಾಯಂದಿರಿಗೆ ನಾನು ಏನಂತ ಹೇಳ್ಲಿ?"

ಮೇಸ್ತ್ರಿ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದ. ಒಂದೂವರೆ ತಿಂಗಳಲ್ಲಿ ಇದು ನಾಲ್ಕನೇ ಸಲ. ಮೊದಲ ಸಲ ಪ್ಲಗ್ ಬದಲಾಯಿಸಿ, "ಇನ್ನು ಹತ್ತು ವರ್ಷ ಈ ಕಡೆ ತಲೆ ಹಾಕ್ಬೇಡಿ" ಎಂದಿದ್ದ. ಎರಡನೇ ಸಲ ಕಾಯಿಲ್ ಬದಲಾಯಿಸಿ ಅದೇ ಮಾತು ಹೇಳಿದ. ಮೂರನೇ ಸಲ, ಯಾವಾಗ ಕಿಡಿ ಹಾರಬೇಕೆಂದು ತೀರ್ಮಾನಿಸುವ ಕಪ್ಪು ಡಬ್ಬಿಯನ್ನೇ ಬದಲಾಯಿಸಿದ. ಹತ್ತು ವರ್ಷದ ಮಾತನ್ನು ಆ ಸಲ ಸ್ವಲ್ಪ ಮೆಲ್ಲಗೆ ಹೇಳಿದ್ದ.

"ನಾಲ್ಕು ಗಂಟೆಗೆ ಬರ್ತೀನಿ," ಎಂದರು ನರ್ಸಮ್ಮ. "ನಾಳೆ ಮತ್ತೆ ಲಸಿಕೆ ಹಾಕೋದಿದೆ. ಇವತ್ತು ಏನು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಮೇನ್ ರೋಡಿನ ಶೋರೂಮಿಗೆ ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಬೇಡಿ ಎಂದರೆ ಆಯಿತೇ? ಮೂವತ್ತೆಂಟು ವರ್ಷದಲ್ಲಿ ಮೇಸ್ತ್ರಿಯ ಅಂಗಡಿಯಿಂದ ಯಾವ ಗಾಡಿಯೂ ಇನ್ನೊಬ್ಬರ ಅಂಗಡಿಗೆ ಹೋದದ್ದಿಲ್ಲ. ಬೇರೆಯವರು ಕೈಚೆಲ್ಲಿದ ಗಾಡಿಗಳು ಇಲ್ಲಿಗೆ ಬಂದಿದ್ದವು. ಎಂಜಿನ್ ಸದ್ದನ್ನು ಬೀದಿಯ ತಿರುವಿನಲ್ಲೇ ಕೇಳಿ, "ಬರ್ತಿದೆ ನೋಡು, ವಾಲ್ವ್ ಸಡಿಲ" ಎನ್ನುವ ಮನುಷ್ಯ ಅವನು. ಅಂಥವನ ಎದುರು ಈ ಹಳೇ ನೂರು ಸಿಸಿ ಗಾಡಿ ನಿಂತು ಹಲ್ಲು ಕಿರಿಯುತ್ತಿತ್ತು.

ಎದುರು ಅಂಗಡಿಯ ಗಡಿಯಾರದವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಕೂಗಿದ. "ಮೇಸ್ತ್ರಿ, ಹತ್ತು ವರ್ಷ ಇಷ್ಟು ಬೇಗ ಆಗೋಯ್ತಾ? ನನ್ನ ಗಡಿಯಾರಗಳೆಲ್ಲ ನಿಧಾನ ಇದ್ದಂಗಿದೆ."

"ನಿನ್ನ ಕೆಲಸ ನೋಡ್ಕೊಳ್ಳಯ್ಯ," ಎಂದ ಮೇಸ್ತ್ರಿ. ಅಂದವನ ಕಿವಿ ಕೆಂಪಗಾಗಿತ್ತು.

ಬೆಂಚಿನ ಆ ಕಡೆ ಕಾರ್ಬ್ಯುರೇಟರ್ ತೊಳೆಯುತ್ತಿದ್ದ ಮಗಳು ಕೈ ಒರೆಸಿಕೊಂಡು ಎದ್ದು ಬಂದಳು. ಇಪ್ಪತ್ತೇಳು ವರ್ಷ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಇನ್ನೆಲ್ಲೂ ಹೋಗುವುದಿಲ್ಲವೆಂದು ಹಟ ಹಿಡಿದು ಅಂಗಡಿಗೆ ಬಂದು ಐದು ವರ್ಷವಾಗಿತ್ತು. ಆದರೂ ಗಿರಾಕಿಗಳು ಅವಳ ಮುಖ ನೋಡಿಕೊಂಡೇ "ಮೇಸ್ತ್ರಿ ಇದ್ದಾರಾ?" ಎಂದು ಕೇಳುತ್ತಿದ್ದರು. ಅವಳು "ಅಪ್ಪಾ" ಎಂದು ಕೂಗುತ್ತಿದ್ದಳು. ಒಳಗಿನಿಂದ ಬರುವಾಗ ಮೇಸ್ತ್ರಿಗೆ, ಸುಳ್ಳೇಕೆ, ಸ್ವಲ್ಪ ಖುಷಿಯೇ ಆಗುತ್ತಿತ್ತು.

"ನಿಲ್ಲೋಕೆ ಮುಂಚೆ ಕೆಮ್ಮಿತಾ, ಅಕ್ಕಾ?" ಎಂದು ಮಗಳು ನರ್ಸಮ್ಮನನ್ನು ಕೇಳಿದಳು. "ಗೊರ ಗೊರ ಅಂತ ಎಳೆದಾಡಿ ನಿಂತಿತಾ?"

"ಇಲ್ಲಮ್ಮ. ಸ್ವಿಚ್ ಆಫ್ ಮಾಡಿದ ಹಾಗೆ. ಇತ್ತು, ಇಲ್ಲ, ಅಷ್ಟೇ."

"ಯಾವ್ಯಾವ ದಿನ ನಿಂತಿದೆ, ನೆನಪಿದೆಯಾ?"

ನರ್ಸಮ್ಮ ಯೋಚಿಸಿದರು. "ಎಲ್ಲ ಸೋಮವಾರವೇ ಇರ್ಬೇಕು. ಒಂದು ಸಲ ಮಂಗಳವಾರ ಬೆಳಿಗ್ಗೆ. ನಮ್ಮ ಬಿಡುವು ಬುಧವಾರ ನೋಡು, ಅದಕ್ಕೇ ಇಲ್ಲಿಗೆ ತರೋದು ಬುಧವಾರ."

"ಸೋಮವಾರ ಏನು ಮಾಡ್ತೀರಿ ಗಾಡಿಗೆ?"

"ನಾನೇನು ಮಾಡ್ಲಿ? ವಾರಕ್ಕಾಗೋಷ್ಟು ಪೆಟ್ರೋಲ್ ತುಂಬಿಸ್ತೀನಿ. ಕತ್ತಿನವರೆಗೂ."

ನರ್ಸಮ್ಮ ಹೊರಟ ಮೇಲೆ ಮೇಸ್ತ್ರಿ ತೊಡೆ ತಟ್ಟಿದ. "ಪೆಟ್ರೋಲ್ ಕಣೇ. ನೀರು ಸೇರಿದೆ. ಎಷ್ಟು ಸುಲಭದ್ದು, ತಲೆಗೇ ಹೋಗ್ಲಿಲ್ಲ."

"ನೀರು ಸೇರಿದ್ರೆ ಕೆಮ್ಮಿ ಕೆಮ್ಮಿ ನಿಲ್ಲುತ್ತೆ ಅಂತ ನೀನೇ ತಾನೇ ಹೇಳಿಕೊಟ್ಟಿದ್ದು? ಇದು ಒಂದೇ ಏಟಿಗೆ ನಿಂತಿದೆ. ಹೋಗಿರೋದು ಕಿಡಿ."

ತಾನೇ ಹೇಳಿಕೊಟ್ಟ ಮಾತು. ಮೇಸ್ತ್ರಿ ಗೊಣಗುತ್ತಾ ಟ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಕಿಡಿಯ ತಂತಿಗಳೆಲ್ಲ ಹ್ಯಾಂಡಲ್ಲಿನಿಂದ ಹೊರಟು ಟ್ಯಾಂಕಿನ ಹೊಟ್ಟೆಯ ಕೆಳಗೆ ಹಾದು ಸೀಟಿನ ಕೆಳಗಿನ ಡಬ್ಬಿಗೆ ಹೋಗುತ್ತವೆ. ಮೂರು ಸಲವೂ ಅವನು ಮಾಡಿದ್ದು ಇದನ್ನೇ. ಟ್ಯಾಂಕ್ ಇಳಿಸಿ, ಒಂದೊಂದೇ ತಂತಿ ಎಳೆದು ನೋಡಿ, ಎಲ್ಲವೂ ಸರಿಯಿದೆಯೆಂದು ಮತ್ತೆ ಏರಿಸಿದ್ದ.

"ಅಪ್ಪಾ, ಟ್ಯಾಂಕ್ ಬಿಚ್ಬೇಡ."

"ಬಿಚ್ಚದೆ ಹೇಗೆ ನೋಡ್ತೀಯೇ? ಕಣ್ಣಲ್ಲಿ ಎಕ್ಸ್-ರೇ ಇಟ್ಕೊಂಡಿದ್ದೀಯಾ?"

"ಮೂರು ಸಲ ಬಿಚ್ಚಿ ನೋಡಿದ್ದಾಯ್ತು. ಈ ಸಲ ತುಂಬಿಸಿ ನೋಡೋಣ."

ಅವಳು ಕ್ಯಾನಿನಲ್ಲಿ ಪೆಟ್ರೋಲ್ ತಂದು ಟ್ಯಾಂಕಿಗೆ ಕತ್ತಿನವರೆಗೂ ಸುರಿದಳು. ಗಾಡಿಯನ್ನು ಬೀದಿಗಿಳಿಸಿ, ಸ್ಟಾರ್ಟ್ ಮಾಡಿ, ಸೀಟಿನ ಮೇಲೆ ಕೂತು ಮುಂದಿನ ಬ್ರೇಕ್ ಹಿಡಿದು ಮೇಲೆ ಕೆಳಗೆ ಕುಣಿಸತೊಡಗಿದಳು. ಹತ್ತು ಸಲ ಕುಣಿಸಿದಳು. ಇಪ್ಪತ್ತು ಸಲವಾಯಿತು. ಗಡಿಯಾರದವನು ಕೆಲಸ ಬಿಟ್ಟು ಬಾಗಿಲಿಗೆ ಬಂದ. "ಏನಮ್ಮಾ, ಗಾಡೀನ ತೂಗಿ ಮಲಗಿಸ್ತಾ ಇದ್ದೀಯಾ?" ಎಂದು ಅವನು ಕೇಳುವುದಕ್ಕೂ ಎಂಜಿನ್ ಸದ್ದು ನಿಲ್ಲುವುದಕ್ಕೂ ಸರಿಹೋಯಿತು.

ಒಂದು ಕೆಮ್ಮಿಲ್ಲ, ಒಂದು ನರಳಿಕೆಯಿಲ್ಲ. ಇತ್ತು, ಇಲ್ಲ.

"ಮಲಗ್ತಲ್ಲ," ಎಂದಳು ಮಗಳು. ಅವಳ ಮುಖ ಅರಳಿತ್ತು. ಗಾಡಿ ಕೆಟ್ಟಿತೆಂದು ಆ ಅಂಗಡಿಯಲ್ಲಿ ಯಾರಾದರೂ ಸಂತೋಷಪಟ್ಟದ್ದು ಅದೇ ಮೊದಲು. ಮೇಸ್ತ್ರಿಗೂ ಒಳಗೊಳಗೇ ರೋಮಾಂಚನವಾಯಿತು. ಒಂದೂವರೆ ತಿಂಗಳಿಂದ ಕಣ್ಣಿಗೆ ಮಣ್ಣೆರಚಿದ ಕಳ್ಳ ಕೊನೆಗೂ ಬೀದಿಯಲ್ಲಿ ಕಾಣಿಸಿಕೊಂಡಿದ್ದ. ಅವನಿಗೆ ಈಗ ಹೊಳೆಯಿತು: ಟ್ಯಾಂಕ್ ತುಂಬಿದ ಭಾರಕ್ಕೆ ಏನೋ ಅದುಮಿಕೊಳ್ಳುತ್ತಿದೆ. ತಾನು ಹುಡುಕಲು ಹೊರಟಾಗಲೆಲ್ಲ ಮೊದಲು ಆ ಭಾರವನ್ನೇ ಎತ್ತಿ ಪಕ್ಕಕ್ಕಿಡುತ್ತಿದ್ದ.

ಆಮೇಲಿನದು ಅವಳು ಮಾಡಿದಳು, ಇವನು ನೋಡಿದ. ಸೀಟು ತೆಗೆದು, ಕಪ್ಪು ಡಬ್ಬಿಯಿಂದ ಒಂದೇ ಒಂದು ತಂತಿ ಬಿಡಿಸಿದಳು. ಹ್ಯಾಂಡಲ್ಲಿನ ಕೆಂಪು ಗುಂಡಿ ಒತ್ತಿದಾಗ ಎಂಜಿನ್ ನಿಲ್ಲಿಸುವ ತಂತಿ ಅದು. ಅದು ಗಾಡಿಯ ಕಬ್ಬಿಣಕ್ಕೆ ಎಲ್ಲಿ ತಾಗಿದರೂ ಕಿಡಿ ಸಾಯುತ್ತದೆ. ಅದನ್ನು ಬಿಡಿಸಿ ಮತ್ತೆ ಸ್ಟಾರ್ಟ್ ಮಾಡಿದ ಮೇಲೆ ಎಷ್ಟು ಕುಣಿಸಿದರೂ ಎಂಜಿನ್ ನಿಲ್ಲಲಿಲ್ಲ. ಅಂದರೆ ಪ್ಲಗ್ಗೂ ಅಲ್ಲ, ಕಾಯಿಲ್ಲೂ ಅಲ್ಲ, ಡಬ್ಬಿಯೂ ಅಲ್ಲ. ಈ ತಂತಿಯೇ. ಗಾಡಿ ನಿಲ್ಲಿಸಿ, ಹೆಡ್‌ಲೈಟಿನ ಹಿಂದೆ ಕೈ ಹಾಕಿ ಗುಂಡಿಯ ಕಡೆಯ ಕನೆಕ್ಷನ್ನನ್ನೂ ಕಳಚಿದಳು. ಆಮೇಲೆ, ಕರೆಂಟ್ ಹರಿದರೆ ಕೀ ಎನ್ನುವ ತನ್ನ ಮೀಟರನ್ನು ಹೊರತೆಗೆದಳು. ಅದಕ್ಕೆ ಮೇಸ್ತ್ರಿ 'ಥರ್ಮಾಮೀಟರ್' ಎಂದು ಹೆಸರಿಟ್ಟಿದ್ದ. ಗಾಡಿಗೆ ಜ್ವರ ಬಂದರೆ ಮುಟ್ಟಿ ನೋಡಬೇಕು, ಕಡ್ಡಿ ಇಟ್ಟಲ್ಲ ಎಂದು ಐದು ವರ್ಷ ಆಡಿಕೊಂಡಿದ್ದ. ಮೀಟರಿನ ಒಂದು ಕಡ್ಡಿಯನ್ನು ತಂತಿಗೆ, ಇನ್ನೊಂದನ್ನು ಚೌಕಟ್ಟಿಗೆ ಹಿಡಿದು, "ಟ್ಯಾಂಕ್ ಒತ್ತು, ಅಪ್ಪಾ" ಎಂದಳು.

ಮೇಸ್ತ್ರಿ ಎರಡೂ ಕೈಯಿಂದ ಒತ್ತಿದ. ಮೀಟರ್ ಕೀ ಎಂದಿತು. ಕೈ ತೆಗೆದ. ಸುಮ್ಮನಾಯಿತು. ಮತ್ತೆ ಒತ್ತಿದ. ಮತ್ತೆ ಕೀ ಎಂದಿತು.

"ತಾಗ್ತಿರೋದು ಆ ತುದೀಲಿ ಅಲ್ಲ, ಈ ತುದೀಲೂ ಅಲ್ಲ, ಮಧ್ಯದಲ್ಲೇ," ಎಂದ ಮಗಳು ಅಲ್ಲಿಗೇ ನಿಲ್ಲಿಸಿಬಿಟ್ಟಳು. ಅವಳ ಮುಖ ಯಾಕೋ ಸಪ್ಪಗಾಯಿತು. ಮೇಸ್ತ್ರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು.

ಆ ತಂತಿಯಲ್ಲಿ ಟ್ಯಾಂಕಿನ ಕೆಳಗೆ, ಗೇಣುದ್ದದ ಜಾಗದಲ್ಲಿ, ಕೆಂಪು ದಾರದ ಗಂಟಿತ್ತು.

ಕೆಂಪು ದಾರ ಮೇಸ್ತ್ರಿಯ ರುಜು. ತುಂಡಾದ ತಂತಿಯ ಎಳೆಗಳನ್ನು ಜಡೆ ಹೆಣೆದ ಹಾಗೆ ಹೆಣೆದು, ಟೇಪ್ ಸುತ್ತಿ, ಅದರ ಮೇಲೆ ಚಪ್ಪಲಿ ಹೊಲಿಯುವ ದಪ್ಪ ಕೆಂಪು ದಾರ ಬಿಗಿದು ಗಂಟು ಹಾಕುತ್ತಿದ್ದ. "ಗಾಡಿ ಗುಜರಿಗೆ ಹೋಗುತ್ತೆ, ನನ್ನ ಗಂಟು ಹೋಗಲ್ಲ" ಎನ್ನುವುದು ಅವನ ಮಾತು. ಕೆಂಪು ದಾರ ಕಂಡರೆ ಬಿಚ್ಚುವ ಹಾಗಿಲ್ಲ ಎನ್ನುವುದು ಅಂಗಡಿಯ ಕಟ್ಟಳೆ. ಊರಿನ ಬೇರೆ ಮೆಕ್ಯಾನಿಕ್ಕುಗಳೂ ಅದನ್ನು ಕಂಡರೆ ದಾಟಿ ಮುಂದೆ ಹೋಗುತ್ತಿದ್ದರು. ಮೂರು ಸಲವೂ ಟ್ಯಾಂಕ್ ಇಳಿಸಿದಾಗ ಮೇಸ್ತ್ರಿ ಅದನ್ನು ಕಂಡಿದ್ದ. ಏಳು ವರ್ಷದ ಹಿಂದೆ ಇಲಿ ಕಡಿದ ತಂತಿಗೆ ತಾನೇ ಹಾಕಿದ್ದು. ಅಕ್ಕಪಕ್ಕದ ತಂತಿಗಳನ್ನೆಲ್ಲ ಎಳೆದೆಳೆದು ನೋಡಿ, ಇದನ್ನು ಮಾತ್ರ ಬೆರಳಿನಿಂದ ಒಮ್ಮೆ ಸವರಿ ಬಿಟ್ಟಿದ್ದ.

"ಒಂದೇ ಜಾಗ ಉಳಿದಿರೋದು, ಅಪ್ಪಾ," ಎಂದಳು ಮಗಳು, ಅವನ ಮುಖ ನೋಡದೆ. "ನೀನೇ ನೋಡಿಬಿಡು. ನಾನು ಮನೆಗೆ ಹೋಗಿ ಊಟ ಮಾಡ್ಕೊಂಡು ನಿನಗೂ ತರ್ತೀನಿ. ನಿಧಾನವಾಗೇ ಬರ್ತೀನಿ."

ಗಡಿಯಾರದವನೂ ಷಟರ್ ಅರ್ಧಕ್ಕೆಳೆದು ಊಟಕ್ಕೆ ಹೋದ. ಬೀದಿ ಖಾಲಿಯಾಯಿತು. ಮೇಸ್ತ್ರಿ ಗಾಡಿಯನ್ನು ಒಳಗೆ ತಳ್ಳಿ, ಅರ್ಧದಷ್ಟು ಪೆಟ್ರೋಲ್ ಕ್ಯಾನಿಗಿಳಿಸಿ, ಟ್ಯಾಂಕ್ ಎತ್ತಿ ಪಕ್ಕಕ್ಕಿಟ್ಟ. ಕನ್ನಡಕ ಹಾಕಿಕೊಂಡು ಬಗ್ಗಿದ. ಟ್ಯಾಂಕಿನಡಿಯ ರಬ್ಬರುಗಳು ಸವೆದು ಚಪ್ಪಟೆಯಾಗಿದ್ದವು. ದಾರ ಹಾಗೇ ಇತ್ತು, ಗಂಟೂ ಹಾಗೇ ಇತ್ತು. ಕೆಳಗಿನ ಟೇಪ್ ಮಾತ್ರ ಎಂಜಿನ್ ಕಾವಿಗೆ ಒಣಗಿ ಬಿರಿದು, ದಾರದ ಎರಡು ಸುತ್ತಿನ ನಡುವೆ ತಾಮ್ರದ ಒಂದು ಎಳೆ ಇಣುಕುತ್ತಿತ್ತು. ಅದರ ಕೆಳಗೇ ಚೌಕಟ್ಟಿನ ಬಣ್ಣ ಸಾಸಿವೆ ಕಾಳಿನಷ್ಟು ಸವೆದು ಕಬ್ಬಿಣ ಹೊಳೆಯುತ್ತಿತ್ತು.

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ಹುಡುಗಿ ತನ್ನ ಮಾನ ಉಳಿಸಲು ಎದ್ದು ಹೋಗಿದ್ದಾಳೆ, ಅಷ್ಟು ತಿಳಿಯದ ದಡ್ಡನೇ ಅವನು? ಡ್ರಾಯರಿನಲ್ಲಿ ಟೇಪ್ ಇತ್ತು, ದಾರವಿತ್ತು. ಹತ್ತು ನಿಮಿಷದ ಕೆಲಸ. ಹೊಸದಾಗಿ ಸುತ್ತಿ, ಹೊಸ ಗಂಟು ಹಾಕಿ, ನರ್ಸಮ್ಮ ಬಂದಾಗ "ಎಲ್ಲೋ ಲೂಸ್ ಕನೆಕ್ಷನ್ ಇತ್ತು" ಎಂದರೆ ಮುಗಿಯಿತು. ಮಗಳು ಬಾಯಿಬಿಡುವವಳಲ್ಲ, ಸತ್ತರೂ ಬಿಡುವುದಿಲ್ಲ. ಕೈ ಡ್ರಾಯರಿನವರೆಗೂ ಹೋಯಿತು. ದಾರದ ಉಂಡೆ ಕೈಗೆ ಸಿಕ್ಕಿತು ಕೂಡ.

ಆದರೆ ಲೂಸ್ ಕನೆಕ್ಷನ್ ಎಂದರೆ ಹಿಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಭಾರ ತೆಗೆದು ಹುಡುಕುವ ಬದಲು ಭಾರ ಹಾಕಿ ಹುಡುಕಬೇಕೆಂದು ಹೊಳೆದದ್ದು ಯಾರಿಗೆ? ಒಂದು ತಂತಿಯ ಎರಡೂ ತುದಿ ಕಳಚಿ, ಊರೆಲ್ಲ ಹುಡುಕದೆ ನೇರವಾಗಿ ಮನೆ ಬಾಗಿಲು ತಟ್ಟಿದ್ದು ಯಾರು? ಇಂಥ ಕೆಲಸವನ್ನು ಮೂವತ್ತೆಂಟು ವರ್ಷದಲ್ಲಿ ಅವನು ಯಾರ ಕೈಯಲ್ಲೂ ಕಂಡಿರಲಿಲ್ಲ. ತನ್ನ ಕೈಯಲ್ಲೂ ಕಂಡಿರಲಿಲ್ಲ. ಅದನ್ನು ಮುಚ್ಚಿ ಹಾಕಲು ಅವನಿಗೆ ಮನಸ್ಸಾಗಲಿಲ್ಲ. ದಾರದ ಉಂಡೆಯನ್ನು ಅಲ್ಲೇ ಬಿಟ್ಟು ಡ್ರಾಯರ್ ಮುಚ್ಚಿದ.

ಮಗಳು ಊಟದ ಡಬ್ಬಿ ಹಿಡಿದು ಬಂದಾಗ ಗಂಟು ಹಾಗೇ ಇತ್ತು. "ಯಾಕಪ್ಪಾ?" ಎಂದಳು.

"ನಾಲ್ಕು ಗಂಟೆ ಆಗ್ಲಿ, ಪುಟ್ಟಿ," ಎಂದು ಅವನು ಡಬ್ಬಿ ಬಿಚ್ಚಿ ಊಟಕ್ಕೆ ಕೂತ.

ನಾಲ್ಕಕ್ಕೆ ಸರಿಯಾಗಿ ನರ್ಸಮ್ಮ ಬಂದರು. ಮೇಸ್ತ್ರಿ ಎದ್ದು ಬಾಗಿಲಿಗೆ ಹೋಗಿ ಗಡಿಯಾರದವನನ್ನೂ ಕರೆದ. "ಬಾರಯ್ಯ ಇಲ್ಲಿ. ಆ ಭೂತಗನ್ನಡಿ ತಗೊಂಡೇ ಬಾ." ಇಬ್ಬರನ್ನೂ ಗಾಡಿಯ ಎರಡು ಪಕ್ಕ ನಿಲ್ಲಿಸಿ, ಕತ್ತರಿ ಹಿಡಿದು ದಾರವನ್ನು ಕತ್ತರಿಸಿದ. ಗಟ್ಟಿ ದಾರ, ಎರಡು ಸಲ ಕಚ್ಚಬೇಕಾಯಿತು. ಟೇಪ್ ಪುಡಿಪುಡಿಯಾಗಿ ಉದುರಿತು.

"ಇದು ನಾನು ಹಾಕಿದ ಗಂಟು," ಎಂದ. "ನಿಮ್ಮನ್ನ ಏರು ರಸ್ತೇಲಿ ನಿಲ್ಲಿಸಿದ್ದು ಇದೇ, ನರ್ಸಮ್ಮ. ಎಲ್ಲ ಬದಲಾಯಿಸಿದೆ, ಇದನ್ನ ಬಿಟ್ಟು. ತಪ್ಪು ನಂದು." ಕತ್ತರಿಯನ್ನು ಮಗಳ ಕಡೆ ತೋರಿಸಿದ. "ಹಿಡಿದವಳು ಇವಳು. ಟ್ಯಾಂಕಿನ ಒಂದು ಬೋಲ್ಟೂ ಬಿಚ್ಚದೆ, ಅರ್ಧ ಗಂಟೇಲಿ ಹಿಡಿದ್ಲು. ಹೇಗೆ ಅಂತ ಇವಳನ್ನೇ ಕೇಳಿ. ನಾನು ಹೇಳಿದ್ರೆ ಜಂಭ ಅಂತೀರಿ."

ಗಡಿಯಾರದವನು ಬಗ್ಗಿ ಭೂತಗನ್ನಡಿಯಲ್ಲಿ ನೋಡಿದ. ಕೊಂಕು ಮಾತಿಗೆಂದು ತೆರೆದ ಬಾಯನ್ನು ಹಾಗೇ ಮುಚ್ಚಿದ. ಭೂತಗನ್ನಡಿಯನ್ನು ಜೇಬಿಗಿಳಿಸಿ, "ಮಗಳನ್ನ ನನ್ನ ಅಂಗಡಿಗೆ ಕೊಡ್ತೀಯಾ, ಮೇಸ್ತ್ರಿ?" ಎಂದ. ಮೇಸ್ತ್ರಿ ನಕ್ಕ. ಆ ನಗುವಿನಲ್ಲಿ ಎದೆ ಎಷ್ಟು ಉಬ್ಬಿತೆಂದರೆ ಶರ್ಟಿನ ಗುಂಡಿಗೆ ಕಷ್ಟವಾಯಿತು.

ಮಗಳು ಹೊಸ ತಂತಿಯ ತುಂಡು ಸೇರಿಸಿ, ಬೆಸುಗೆ ಹಾಕಿ, ಅದರ ಮೇಲೆ ಪಾರದರ್ಶಕ ಕೊಳವೆ ಎಳೆದು ಕಾಯಿಸಿ ಬಿಗಿ ಮಾಡಿದಳು. ಟ್ಯಾಂಕಿಗೆ ಹೊಸ ರಬ್ಬರ್ ಹಾಕಿದಳು. ಮೇಸ್ತ್ರಿ ಪಕ್ಕದಲ್ಲಿ ಬೆಳಕು ಹಿಡಿದು ನಿಂತಿದ್ದ.

"ದಾರ ಬೇಡ್ವಾ?" ಎಂದು ಕೇಳಿದ.

"ಬೇಡಪ್ಪಾ. ಒಳಗೇನಿದೆ ಅಂತ ಹೊರಗಿಂದಲೇ ಕಾಣ್ಲಿ. ನಾಳೆ ನಾನು ತಪ್ಪು ಮಾಡಿದ್ರೂ ಇನ್ನೊಬ್ಬರು ಹಿಡೀಬೇಕಲ್ಲ."

ಮಗಳು ಟ್ಯಾಂಕ್ ಏರಿಸಿ, ಇಳಿಸಿದ ಪೆಟ್ರೋಲನ್ನೆಲ್ಲ ಮತ್ತೆ ಸುರಿದ ಮೇಲೆ, ಕತ್ತಿನವರೆಗೂ ತುಂಬಿದ ಟ್ಯಾಂಕಿನೊಂದಿಗೆ ನರ್ಸಮ್ಮ ಹೊರಟರು. ಮೂವರೂ ಬೀದಿಯಲ್ಲಿ ನಿಂತು ಕೇಳಿದರು. ಸದ್ದು ತಿರುವು ದಾಟಿತು, ಸೇತುವೆ ದಾಟಿತು, ಏರು ಹತ್ತಿತು. ಎಲ್ಲೂ ತಡವರಿಸಲಿಲ್ಲ. ಹತ್ತು ವರ್ಷದ ಮಾತನ್ನು ಈ ಸಲ ಯಾರೂ ಆಡಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಹೊಸ ಗಿರಾಕಿಯೊಬ್ಬ ಗಾಡಿ ತಳ್ಳಿಕೊಂಡು ಬಂದ. ಬಾಗಿಲಲ್ಲಿ ಬಿಳಿತಲೆಯ ಮನುಷ್ಯನೊಬ್ಬ ತನ್ನ ಹಳೇ ಸ್ಕೂಟರಿನ ಮುಂದೆ ಮಂಡಿಯೂರಿ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಕತ್ತರಿ ಹಿಡಿದು ಏನನ್ನೋ ಹುಡುಕುತ್ತಿದ್ದ. ಪಕ್ಕದಲ್ಲಿ ಮೀಟರ್ ಇತ್ತು.

"ಮೇಸ್ತ್ರಿ ಇದ್ದಾರಾ?" ಎಂದು ಗಿರಾಕಿ ಕೇಳಿದ.

"ಒಳಗಿದ್ದಾರೆ, ಕೂಗಿ," ಎಂದ ಅವನು ತಲೆ ಎತ್ತದೆ. ಕತ್ತರಿ ಕಚಕ್ಕೆಂದಿತು. ಕೆಂಪು ದಾರದ ಒಂದು ತುಂಡು ನೆಲದ ಮೇಲೆ, ಆಗಲೇ ಬಿದ್ದಿದ್ದ ಮೂರು ತುಂಡುಗಳ ಪಕ್ಕಕ್ಕೆ ಬಿತ್ತು.