ಅಂಬುಜಾಕ್ಷಮ್ಮನವರ ಬೆಣೆ

"ಇಷ್ಟು ಒಳ್ಳೆ ಮರ, ಇದನ್ನ ಎಲ್ಲಿಗೆ ಅಂತ ಸೇರಿಸ್ಲಿ?"

ಹೀಗೆ ಕೇಳಿದವರು ಕಾಳಾಚಾರ್ರು. ಅಂಗಡಿಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ನಾನು ಅವರ ಅಂಗೈಯಲ್ಲೇ ಇದ್ದೆ, ಆದರೆ ಕೇಳಿದ್ದು ನನ್ನನ್ನಲ್ಲ.

ನಾನು ಒಂದು ಹಲಸಿನ ತುಂಡು. ಮೈಸೂರಿನ ಒಂದು ಓಣಿಯಲ್ಲಿ ಕಾಳಾಚಾರ್ರು ವೀಣೆ ಮಾಡುತ್ತಿದ್ದರು. ನನ್ನ ಮರದ ಹೊಟ್ಟೆಯನ್ನು ಕೊರೆದು ವೀಣೆಯ ಕೊಡ ಮಾಡಿದರು. ಅಂಚಿನಲ್ಲಿ ಉಳಿದವನು ನಾನು. ಅಣ್ಣ ವೀಣೆಯಾಗಿ ಹೊರಟ. ನನಗೆ ತಂತಿಯೂ ಇಲ್ಲ, ಸ್ವರದ ಮೆಟ್ಟಿಲೂ ಇಲ್ಲ. ಆದರೂ ಹಲಸು ಹಲಸೇ. ಎಲ್ಲಿ ತಟ್ಟಿದರೂ ಮೈಯೊಳಗೆ ಒಂದು ಸಣ್ಣ ನಾದ ಏಳುತ್ತದೆ.

ಆ ವಾರ ಅಂಬುಜಾಕ್ಷಮ್ಮ ಅಂಗಡಿಗೆ ಬಂದರು. ಹಳೆಯ ಕಾವ್ಯಗಳನ್ನು ರಾಗವಾಗಿ ಓದುವುದು ಅವರ ಬದುಕು. ಅವರು ಓದಿದ ಪದ್ಯಕ್ಕೆ ಗೆಳತಿ ವಾಗೀಶ್ವರಮ್ಮ ಅರ್ಥ ಹೇಳುತ್ತಿದ್ದರು. ಊರೂರಿನ ಕನ್ನಡ ಸಂಘಗಳು ಇಬ್ಬರನ್ನೂ ಕರೆಸಿ ದೊಡ್ಡ ಹೋಟೆಲುಗಳಲ್ಲಿ ಇಳಿಸುತ್ತಿದ್ದವು. ಅಂತಹ ಒಂದು ಹೋಟೆಲಿನಲ್ಲಿ ಕೌಂಟರಿನವರು ಅವರ ಕೋಣೆಯ ಕಾರ್ಡನ್ನೇ ಇನ್ನೊಬ್ಬರಿಗೂ ಕೊಟ್ಟುಬಿಟ್ಟಿದ್ದರು. ಅಂಬುಜಾಕ್ಷಮ್ಮ ಸೀರೆ ಉಡುತ್ತಿದ್ದಾಗ ಯಾರೋ ಗಂಡಸು ಪೆಟ್ಟಿಗೆ ಎಳೆದುಕೊಂಡು ನೇರ ಒಳಗೆ ಬಂದ. ತಪ್ಪಾಯಿತೆಂದು ಕೈಮುಗಿದು ಹೋದ. ಅವನ ಹಿಂದೆಯೇ ಅವರ ನಿದ್ದೆಯೂ ಹೋಯಿತು. ಆಮೇಲೆ ಯಾವ ಹೋಟೆಲಿನ ಚಿಲಕವನ್ನೂ ಅವರು ನಂಬಲಿಲ್ಲ. ನಿದ್ದೆ ಕೆಟ್ಟರೆ ಮರುದಿನ ಕಂಠ ಏಳುತ್ತಿರಲಿಲ್ಲ.

"ಬಾಗಿಲ ಸಂದಿಗೆ ಒಂದು ಬೆಣೆ ಬೇಕು ಆಚಾರ್ರೆ," ಎಂದರು.

"ವೀಣೆ ಮರದಲ್ಲಿ ಬಾಗಿಲ ಬೆಣೆ ಮಾಡಿದ್ರೆ ಸರಸ್ವತಿ ಮುನಿಸ್ಕೊಳ್ಳಲ್ವಾ ಅಮ್ಮಾ?"

"ನಿದ್ದೆಗೆಟ್ಟು ಅಪಸ್ವರ ತೆಗೆದ್ರೆ ಇನ್ನೂ ಮುನಿಸ್ಕೋತಾಳೆ. ಮಾಡಿ."

ಆಚಾರ್ರು ನನ್ನನ್ನು ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪಗೆ ಕೆತ್ತಿದರು. ಜಾರದಿರಲೆಂದು ಅಡಿಗೆ ಚರ್ಮ ಅಂಟಿಸಿದರು. ಬಾಗಿಲನ್ನು ತಳ್ಳಿದಷ್ಟೂ ಬಿಗಿಯಾಗುವುದು ಅಂದಿನಿಂದ ನನ್ನ ಗುಣವಾಯಿತು.

ನಾನು ಸೇರಿದ್ದು ಒಳಗೆ ರೇಷ್ಮೆಯ ಅಸ್ತರು ಹಾಕಿದ್ದ ಒಂದು ಚೀಲಕ್ಕೆ. ಅದರಲ್ಲಿ ನನ್ನಂಥ ಹಲವರಿದ್ದರು. ಹೋಟೆಲಿನ ದಿಂಬಿಗೆ ಹಾಕುವ ನುಣುಪು ರೇಷ್ಮೆಯ ಗವಸು. ಗಂಧದ ಸಾಬೂನು. ಒಬ್ಬರಿಗೆ ಸಾಲುವಷ್ಟೇ ಡಿಕಾಕ್ಷನ್ ಇಳಿಸುವ ಪುಟ್ಟ ಫಿಲ್ಟರು. ಬೆಳ್ಳಿ ಲೋಟ. ಗಂಟಲಿಗೆಂದು ಕಲ್ಲುಸಕ್ಕರೆ ತುಂಬಿದ ಹಿತ್ತಾಳೆಯ ಡಬ್ಬಿ. ಯಾವ ಊರಿಗೆ ಹೋದರೂ ಅಂಬುಜಾಕ್ಷಮ್ಮ ಮೊದಲು ಇವನ್ನು ತೆಗೆದು ಅದದೇ ಜಾಗದಲ್ಲಿ ಇಡುತ್ತಿದ್ದರು. ಡಬ್ಬಿ ಕನ್ನಡಿಯ ಬಲಕ್ಕೆ, ಲೋಟ ಎಡಕ್ಕೆ. ಮುಂಬಯಿಯಾದರೇನು, ಮಸ್ಕತ್ತಾದರೇನು, ಕಣ್ಣು ಮುಚ್ಚಿ ಕೈ ಚಾಚಿದರೂ ಸಿಗಬೇಕು. ಎಲ್ಲ ಇಟ್ಟಾದ ಮೇಲೆ ಬಗ್ಗಿ ನನ್ನನ್ನು ಬಾಗಿಲ ಸಂದಿಗೆ ಒತ್ತಿ, ಬೆರಳಿನಿಂದ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆಮೇಲೆಯೇ ನಿದ್ದೆ.

"ದೇವರ ಪೂಜೆ ಮುಗೀತೋ?" ಎಂದು ವಾಗೀಶ್ವರಮ್ಮ ಫೋನಿನಲ್ಲಿ ಕೆಣಕುತ್ತಿದ್ದರು.

ನೆಲದಲ್ಲಿ ಕೂತವನಿಗೆ ಮುಖಗಳು ಕಾಣುವುದಿಲ್ಲ. ಅಂಬುಜಾಕ್ಷಮ್ಮ ಎಂದರೆ ನನಗೆ ಎರಡು ಕಾಲುಂಗುರ, ಸೀರೆಯ ಜರಿ ಅಂಚು ಮತ್ತು ಒಂದು ದನಿ. ಬಾಗಿಲ ಆಚೆಯ ಸದ್ದೆಲ್ಲ ನನ್ನ ಮೈಗೆ ತಾಗುತ್ತಿತ್ತು. ಲಿಫ್ಟು ನಿಂತದ್ದು, ಯಾರೋ ನಡೆದು ಬಂದದ್ದು, ನಮ್ಮ ಬಾಗಿಲ ಮುಂದೆ ತಡೆದು ನಿಂತದ್ದು. ಪ್ರತಿ ಸಲವೂ ಬಿಗಿಹಿಡಿದು ಕಾಯುತ್ತಿದ್ದೆ. ಹೆಜ್ಜೆ ಮುಂದೆ ಹೋದ ಮೇಲೆ ಮತ್ತೆ ಕೇಳಲು ಕೂರುತ್ತಿದ್ದೆ.

ಕೇಳಲು ಬಹಳವಿತ್ತು. ಬೆಳಿಗ್ಗೆ ಕೋಣೆಯಲ್ಲೇ ಇಬ್ಬರ ಅಭ್ಯಾಸ ನಡೆಯುತ್ತಿತ್ತು. ಪುಸ್ತಕವಿಡುವ ವ್ಯಾಸಪೀಠದ ಮುಂದೆ ಕೂತು ಅಂಬುಜಾಕ್ಷಮ್ಮ ಪದ್ಯವೆತ್ತಿದರೆ ನನ್ನ ನಾರುನಾರೂ ಎಚ್ಚರವಾಗುತ್ತಿತ್ತು. ವಾಗೀಶ್ವರಮ್ಮನವರ ಅರ್ಥವಿವರಣೆ ಮಾತ್ರ ಊರೆಲ್ಲ ಸುತ್ತಿ ಬರುತ್ತಿತ್ತು. ಅದು ಉದ್ದವಾದಾಗ ಅಂಬುಜಾಕ್ಷಮ್ಮ ವ್ಯಾಸಪೀಠದ ಅಂಚಿಗೆ ಉಗುರಿನಿಂದ ಎರಡು ಸಲ ತಟ್ಟುತ್ತಿದ್ದರು. 'ನಿಲ್ಲಿಸು, ನನಗೆ ಬಿಡು' ಎಂದು ಅದರ ಅರ್ಥ. ವೇದಿಕೆಯಲ್ಲೂ ಹಾಗೆಯೇ. ಮಾತು ಎಲ್ಲೇ ಇರಲಿ, ಆ ಎರಡು ತಟ್ಟಿಗೆ ವಾಗೀಶ್ವರಮ್ಮ ತಕ್ಷಣ ನಿಲ್ಲುತ್ತಿದ್ದರು. ಸಾವಿರ ಜನರೆದುರು ಒಂದು ದಿನವೂ ಮೀರಿದವರಲ್ಲ.

ಇನ್ನೊಂದು ಪದ್ಧತಿಯಿತ್ತು. ಓದು ಇರುವ ದಿನ ಮಧ್ಯಾಹ್ನದಿಂದ ವೇದಿಕೆ ಏರುವವರೆಗೆ ಅಂಬುಜಾಕ್ಷಮ್ಮ ಮೌನ. ಫೋನು ಎತ್ತುವುದಿಲ್ಲ. ಬಾಗಿಲು ಬಡಿದರೆ ಒಳಗಿನಿಂದ ಒಂದು ಚಪ್ಪಾಳೆ, ಅಷ್ಟೆ.

ಮಂಗಳೂರಿನ ಆ ಮಧ್ಯಾಹ್ನವೂ ಮೌನವೇ ಇತ್ತು.

ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅವರು ನುಂಗಿದ್ದರು. ಅನ್ನ ತಿಂದರೆ ದನಿ ಭಾರವಾಗುತ್ತದೆಂದು ಊಟವನ್ನು ಹಾಗೇ ಮುಚ್ಚಿಟ್ಟಿದ್ದರು. ನನ್ನನ್ನು ಸಂದಿಗೆ ಒತ್ತಿ ಮಲಗಿದರು. ಸ್ವಲ್ಪ ಹೊತ್ತಿಗೆ ಎದ್ದರು. ಕಾಲುಗಳು ನೆಲಕ್ಕೆ ಬಂದ ರೀತಿ ಸರಿಯಿರಲಿಲ್ಲ. ಕಾಲುಂಗುರ ಕಾರ್ಪೆಟ್ಟಿಗೆ ತೊಡರಿತು. ಕನ್ನಡಿಯ ಕಡೆಗೆ ಎರಡು ಹೆಜ್ಜೆ ಇಟ್ಟರು, ಏನೋ ಮರೆತವರಂತೆ ನಿಂತರು, ಬಾಗಿಲ ಕಡೆಗೆ ತಿರುಗಿದರು. ಹತ್ತಿರ ಬಂದವರೇ ಬಿದ್ದರು.

ಅಂದು ಮೊದಲ ಸಲ ಅವರ ಮುಖವನ್ನು ಇಷ್ಟು ಹತ್ತಿರದಿಂದ ಕಂಡೆ. ನನ್ನ ಮಟ್ಟದಲ್ಲೇ, ಕೆನ್ನೆ ನೆಲಕ್ಕೊತ್ತಿಕೊಂಡಿತ್ತು. ಹಣೆಯ ತುಂಬ ಬೆವರು. ಕಣ್ಣು ತೆರೆದಿತ್ತು, ನೋಟ ನಿಲ್ಲುತ್ತಿರಲಿಲ್ಲ. ತುಟಿ ಆಡಿತು, ಸದ್ದು ಬರಲಿಲ್ಲ.

ಫೋನು ಬಡಿದುಕೊಂಡು ನಿಂತಿತು. ಆಮೇಲೆ ಪಕ್ಕದ ಕೋಣೆಯ ಫೋನು ಬಡಿಯಿತು, ಸಂಘದವರಿಗೆ ಉತ್ತರ ಹೇಳುವ ವಾಗೀಶ್ವರಮ್ಮನ ದನಿ ಕೇಳಿತು: "ಎತ್ತಲ್ಲ ಅವಳು. ಮೌನದಲ್ಲಿದಾಳೆ. ಕಾರು ಬಂದ್ಮೇಲೆ ನಾನೇ ಕರ್ಕೊಂಡ್ ಬರ್ತೀನಿ."

ಹಿತ್ತಾಳೆಯ ಡಬ್ಬಿ ಮೇಲಿತ್ತು, ಕನ್ನಡಿಯ ಬಲಕ್ಕೆ. ನಾವೆಲ್ಲ ನಮ್ಮ ನಮ್ಮ ಜಾಗದಲ್ಲೇ ಇದ್ದೆವು. ಯಾರಿಗೂ ಕಾಲಿರಲಿಲ್ಲ.

ಕಾರು ಬಂದಿತು. ಬಾಗಿಲು ಬಡಿದ ಸದ್ದಾಯಿತು. ಚಪ್ಪಾಳೆ ಇಲ್ಲ. ಮತ್ತೆ ಬಡಿದರು.

"ಅಂಬುಜಕ್ಕಾ? ಒಂದ್ ಚಪ್ಪಾಳೆ ತಟ್ಟೆ." ಆಮೇಲೆ ದನಿ ಬದಲಾಯಿತು. "ಯಾರಾದ್ರೂ ಬನ್ನಿ ಇಲ್ಲಿ. ಬೇಗ."

ಮ್ಯಾನೇಜರು ಓಡಿ ಬಂದ. ಕಾರ್ಡು ತಾಗಿಸಿದ, ಬೀಗ ಕಿರ್ ಎಂದಿತು. ಬಾಗಿಲು ಒಂದು ಬೆರಳಿನಷ್ಟು ಸರಿದು ನನ್ನ ಮೇಲೆ ಬಂದು ಕೂತಿತು.

"ಒಳಗಿಂದ ಎಂತದೋ ಅಡ್ಡ ಉಂಟು ಮೇಡಂ."

"ಅವಳ ಬೆಣೆ," ಎಂದರು ವಾಗೀಶ್ವರಮ್ಮ. "ಅಯ್ಯೋ, ಆ ಹಾಳು ಬೆಣೆ. ತಳ್ಳಿ."

ತಳ್ಳಿದರು. ನಾನು ಬಿಗಿಯಾದೆ. ಇನ್ನೊಬ್ಬ ಹೆಗಲು ಕೊಟ್ಟ. ಇನ್ನೂ ಬಿಗಿಯಾದೆ. ಇಷ್ಟು ವರ್ಷ ಯಾವುದಕ್ಕಾಗಿ ಕಣ್ಣಿಗೊತ್ತಿಸಿಕೊಂಡೆನೋ ಅದನ್ನೇ ಮಾಡುತ್ತಿದ್ದೆ, ಅವರ ಉಸಿರು ನನ್ನ ಪಕ್ಕದಲ್ಲೇ ತೆಳುವಾಗುತ್ತಿತ್ತು. ಸೀಳಿ ಹೋಗಲಿ ಈ ಮೈ ಎಂದುಕೊಂಡೆ. ಹಲಸು ಅಷ್ಟು ಸುಲಭಕ್ಕೆ ಸೀಳುವುದಿಲ್ಲ.

ಅಂಬುಜಾಕ್ಷಮ್ಮನ ಕೈ ತೆವಳಿ ಬಂದು ನನ್ನನ್ನು ಹಿಡಿಯಿತು. ಎಳೆದರು. ಆಚೆ ಅವರು ತಳ್ಳುತ್ತಿರುವಷ್ಟು ಹೊತ್ತು ನಾನು ಬರುವಂತಿರಲಿಲ್ಲ. ಅದು ಅವರಿಗೂ ತಿಳಿಯಿತೆಂದು ಕಾಣುತ್ತದೆ. ಕೂಗಲು ಬಾಯಿ ತೆರೆದರು. ಸಭೆಯ ಕೊನೆಯ ಸಾಲಿಗೂ ಮುಟ್ಟುತ್ತಿದ್ದ ಆ ದನಿ ನನಗೂ ಕೇಳಿಸಲಿಲ್ಲ.

ಆಗ ಉಗುರು ನನ್ನ ಬೆನ್ನಿಗೆ ಬಿತ್ತು. ಎರಡು ಸಲ.

ಬೇರೆ ಮರವಾಗಿದ್ದರೆ ಅಲ್ಲೇ ಮುಗಿಯುತ್ತಿತ್ತು. ನಾನು ವೀಣೆಯ ತಮ್ಮ. ಆ ತಟ್ಟು ನನ್ನ ಮೈಯಿಂದ ಬಾಗಿಲಿಗೆ, ಬಾಗಿಲಿನಿಂದ ಆಚೆಗೆ ಹೋಯಿತು.

"ನಿಲ್ಸಿ," ಎಂದರು ವಾಗೀಶ್ವರಮ್ಮ.

"ಇನ್ನೊಂದು ಸಲ ಜೋರು ಕೊಟ್ರೆ ಮೇಡಂ..."

"ನಿಲ್ಸಿ ಅಂದೆ. ಅವಳು ನಿಲ್ಸು ಅಂತಿದಾಳೆ. ಬಾಗಿಲನ್ನ ನಮ್ಮ ಕಡೆ ಎಳ್ಕೊಳ್ಳಿ."

ಬಾಗಿಲು ಹಿಂದಕ್ಕೆ ಸರಿಯಿತು. ನನ್ನ ಮೈ ಸಡಿಲವಾಯಿತು. ಅಂಬುಜಾಕ್ಷಮ್ಮ ನನ್ನನ್ನು ಎಳೆದು ಮುಷ್ಟಿಯಲ್ಲಿ ಹಿಡಿದುಕೊಂಡರು.

ವಾಗೀಶ್ವರಮ್ಮ ಸಂದಿಯಲ್ಲೇ ತೂರಿ ಒಳಗೆ ಬಂದರು. ಮುಚ್ಚಿಟ್ಟಿದ್ದ ಊಟ ಕಂಡದ್ದೇ "ಸಕ್ಕರೆ ಇಳಿದುಬಿಟ್ಟಿದೆ" ಎಂದರು. ಕೋಣೆಯನ್ನು ಹುಡುಕಲಿಲ್ಲ. ಕನ್ನಡಿಯ ಬಲಕ್ಕೆ ಕೈ ಹಾಕಿದರು, ಡಬ್ಬಿ ಸಿಕ್ಕಿತು. ಕಲ್ಲುಸಕ್ಕರೆಯನ್ನು ಬೆಳ್ಳಿ ಲೋಟದ ತಳದಿಂದ ಜಜ್ಜಿ ಗೆಳತಿಯ ಕೆನ್ನೆಯೊಳಗೆ ಒತ್ತಿದರು. ಡಾಕ್ಟರು ಬರುವಷ್ಟರಲ್ಲಿ ಅಂಬುಜಾಕ್ಷಮ್ಮನ ನೋಟ ಒಂದು ಕಡೆ ನಿಂತಿತ್ತು.

"ಓದು?" ಎಂದರು ಮೊದಲಿಗೆ.

"ನಿನ್ನ ತಲೆ," ಎಂದರು ವಾಗೀಶ್ವರಮ್ಮ. ಮುಷ್ಟಿಯಿಂದ ನನ್ನನ್ನು ಬಿಡಿಸಿಕೊಂಡು ತಮ್ಮ ಸೊಂಟಕ್ಕೆ ಸಿಕ್ಕಿಸಿದರು.

ಹೀಗೆ ನನ್ನ ಒಡತಿ ಬದಲಾದರು. ಆಮೇಲಿನ ಪ್ರಯಾಣಗಳಿಗೆ ನಾನು ಹೋಗಲಿಲ್ಲ, ಸುದ್ದಿ ಮಾತ್ರ ಕೇಳಿದೆ. ಸಂಘದವರು ಎರಡು ಕೋಣೆ ಕೊಟ್ಟರೆ ಒಂದನ್ನು ವಾಗೀಶ್ವರಮ್ಮ ಹಿಂದಿರುಗಿಸುತ್ತಿದ್ದರಂತೆ. ರಜಾಯಿ ಎಳೆದುಕೊಂಡು ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಮಲಗುತ್ತಿದ್ದರಂತೆ. ಹಾಗೆ ಮಲಗಿದರೆ ಅಂಬುಜಾಕ್ಷಮ್ಮನಿಗೆ ಒಳ್ಳೆಯ ನಿದ್ದೆಯಂತೆ, ಗೊರಕೆಯ ಗಲಾಟೆಯೊಂದನ್ನು ಬಿಟ್ಟರೆ.

ಈಗ ನಾನು ವಾಗೀಶ್ವರಮ್ಮನ ಮನೆಯಲ್ಲಿದ್ದೇನೆ. ಅಡಿಯ ಚರ್ಮ ಸವೆದಿದೆ. ಅಲುಗಾಡುವ ವ್ಯಾಸಪೀಠದ ಕಾಲಿನ ಕೆಳಗೆ ನನ್ನನ್ನು ಇಟ್ಟಿದ್ದಾರೆ. ಅಣ್ಣನಷ್ಟು ನಾನು ನುಡಿದವನಲ್ಲ. ನುಡಿದದ್ದು ಒಮ್ಮೆ, ಎರಡೇ ತಟ್ಟು. ಪದ್ಯದ ಭಾರವನ್ನು ಹೊತ್ತು ಕೇಳುತ್ತ ಕೂರುವ ಈ ಜಾಗ ನನಗೆ ಸಾಕು ಎಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಕಾಲುಂಗುರದ ಸದ್ದು ಬಂತು.

"ಮಸ್ಕತ್ತಿನಿಂದ ಕರೆದಿದಾರೆ," ಎಂದರು ಅಂಬುಜಾಕ್ಷಮ್ಮ. "ಈ ಸಲ ನೀನು ಬರ್ಬೇಡ. ನೆಲದ ಮೇಲೆ ಮಲಗಿ ಮಲಗಿ ನಿನ್ನ ಮಂಡಿ ಹೇಗಾಗಿದೆ ನೋಡು, ಗೋಡೆ ಹಿಡ್ಕೊಂಡು ಏಳ್ತೀಯ. ಅರ್ಥ ಹೇಳೋಕೆ ಅಲ್ಲೇ ಯಾರೋ ಇದಾರಂತೆ."

"ನನ್ನದು ಉದ್ದ ಆಯ್ತು ಅಂತ ಕೊನೆಗೂ ಬಾಯ್ಬಿಟ್ಟು ಹೇಳ್ದೆ."

"ತಮಾಷೆ ಸಾಕು ವಾಗೀ. ಆ ಬೆಣೆ ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡ್ತೀನಿ, ಮಾತು ಕೊಡ್ತೀನಿ. ಬೆಣೆ ಇಲ್ದೆ ನಂಗೆ ಕಣ್ಣು ಮುಚ್ಚಲ್ಲ ಅಂತ ನಿಂಗೊತ್ತು."

"ಬಾಗಿಲಿಗೆ ನಾನಿದೀನಲ್ಲ."

"ನಿನ್ನ ಮಂಡಿ..."

"ಮಂಡಿ ನಂದು. ನೋವೂ ನಂದು. ನೀನು ಆ ಕೋಣೆಯಲ್ಲಿ ಒಬ್ಳೇ ಅದನ್ನ ಒತ್ಕೊಂಡು ಮಲಗಿದ್ರೆ, ನಾನಿಲ್ಲಿ..."

ಮಾತು ಉದ್ದವಾಗುವುದರಲ್ಲಿತ್ತು. ಅಂಬುಜಾಕ್ಷಮ್ಮ ಬಗ್ಗಿ ವ್ಯಾಸಪೀಠದ ಅಂಚಿಗೆ ಉಗುರಿನಿಂದ ತಟ್ಟಿದರು. ಎರಡು ಸಲ. ನಿಲ್ಲಿಸು, ನನಗೆ ಬಿಡು. ನಾದ ಕಾಲಿನಲ್ಲಿ ಇಳಿದು ನನ್ನ ಮೈಗೆ ಬಂತು. ವಾಗೀಶ್ವರಮ್ಮನ ಮಾತು ಅಲ್ಲೇ ನಿಂತಿತು. ಈಗ ನನ್ನನ್ನು ಎತ್ತಿ ಕೊಡುತ್ತಾರೆ ಎಂದುಕೊಂಡೆ.

ಅವರು ಎರಡು ಕೈಯನ್ನೂ ಪೀಠದ ಮೇಲೆ ಊರಿ ನನ್ನನ್ನು ನೆಲಕ್ಕೆ ಒತ್ತಿದರು.

"ಎಷ್ಟು ಸಲ ತಟ್ಟಿದ್ರೂ ಅಷ್ಟೆ ಅಂಬುಜಕ್ಕ," ಎಂದರು. "ಕೊಡಲ್ಲ."