ಡಬ್ಬಿಯ ನೊರೆ

ನನ್ನ ಮಗಳಿಗೆ ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿ ಕಡಿಮೆ. ಈಗ ಕಿಡ್ನಿಗೂ ಪೆಟ್ಟು. ಮೂತ್ರದಲ್ಲಿ ನೊರೆ ಕಂಡರೆ ಕೂಡಲೇ ಕರೆತನ್ನಿ ಎಂದಿದ್ದರು ಡಾಕ್ಟರು. ದಿನಾ ಬೆಳಗ್ಗೆ ಅವಳ ಮೂತ್ರ ಹಿಡಿದ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಒಡ್ಡಿ ನೋಡುತ್ತೇನೆ.

ಇವತ್ತು ನೊರೆಯೋ ನೊರೆ. ಜೀವ ಬಾಯಿಗೆ ಬಂತು. ಎಲ್ಲರೂ ಆಸ್ಪತ್ರೆಗೆ ಓಡಿದೆವು. ಅಲ್ಲಿ ಬೇರೆ ಡಬ್ಬಿಯಲ್ಲಿ ಹಿಡಿದು ನೋಡಿದರೆ ನೊರೆಯ ಸುಳಿವೇ ಇಲ್ಲ.

"ಮನೆ ಡಬ್ಬಿ ಯಾರು ತೊಳೆದಿದ್ದು?" ಎಂದು ಕೇಳಿದರು ಡಾಕ್ಟರು.

"ನಾನೇ," ಎಂದರು ನಿನ್ನೆಯಷ್ಟೇ ಬಂದಿದ್ದ ನನ್ನ ಅತ್ತೆ. "ಕೂಸಿಗೆ ಒಂದು ಕ್ರಿಮೀನೂ ತಾಗಬಾರದು ಅಂತ ಸೋಪು ಹಚ್ಚಿ ಹಚ್ಚಿ ತಿಕ್ಕಿದೀನಿ."

ನನ್ನ ಪಿತ್ತ ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಕುಣಿದಳು: "ಅಮ್ಮಾ, ನೊರೆ ನಂದಲ್ಲ, ಅಜ್ಜೀದು!"

ಇನ್ನೂ ಸೋಪಿನ ವಾಸನೆ ಬರುತ್ತಿದ್ದ ಅತ್ತೆಯ ಕೈಗಳನ್ನು ಕಣ್ಣಿಗೆ ಒತ್ತಿಕೊಂಡೆ.